ಸಮುದಾಯ ಕಲಾಕೇಂದ್ರದ ಸಮೂಹ ಪ್ರದರ್ಶನಕ್ಕೆ ತೀರ್ಪುಗಾರರು ಬೇಕೇ?

ಗೋಡೆಗಾವಲು (ಚರ್ಚೆ ಆರಂಭಿಸಿದವರು)

ನಮ್ಮ ಸಮುದಾಯ ಕಲಾಕೇಂದ್ರದ ವಾರ್ಷಿಕ ಸಮೂಹ ಪ್ರದರ್ಶನವು ಇದುವರೆಗೆ ಎಲ್ಲ ಸದಸ್ಯರಿಗೂ ಮುಕ್ತವಾಗಿತ್ತು. ಯಾರು ಕೃತಿ ತಂದುಕೊಟ್ಟರೂ ಅದನ್ನು ಗೋಡೆಗೆ ಏರಿಸುತ್ತಿದ್ದೆವು. ಸದಸ್ಯರು ಹೆಚ್ಚುತ್ತಾ ಹೋದಂತೆ ಚೌಕಟ್ಟುಗಳು ಒಂದಕ್ಕೊಂದು ತಾಗುವ ಸ್ಥಿತಿ ಬಂದಿದೆ. ಕಳೆದ ಸಲವಂತೂ ಸ್ವಿಚ್ ಬೋರ್ಡಿನ ಮೇಲಿದ್ದ ಗೇಣುದ್ದದ ಜಾಗವನ್ನೂ ಬಿಡದೆ ಅಲ್ಲೊಂದು ಪುಟ್ಟ ಜಲವರ್ಣವನ್ನು ತೂಗುಹಾಕಿದ್ದೆವು; ದೀಪ ಹಾಕಲು ಹೋದವರೆಲ್ಲ ಅದನ್ನು ಓರೆ ಮಾಡಿ ಹೋಗುತ್ತಿದ್ದರು.

ಈ ಬಾರಿ ಹೊರಗಿನಿಂದ ಒಬ್ಬ ತೀರ್ಪುಗಾರರನ್ನು ಕರೆಸಿ, ಬಂದ ಕೃತಿಗಳಲ್ಲಿ ಆಯ್ದವನ್ನಷ್ಟೇ ಪ್ರದರ್ಶಿಸಬೇಕೆಂಬ ಪ್ರಸ್ತಾಪ ಸಮಿತಿಯ ಮುಂದಿದೆ. ಪ್ರದರ್ಶನದ ಮಟ್ಟ ಏರುತ್ತದೆ, ನೋಡುಗರು ಗಂಭೀರವಾಗಿ ನೋಡುತ್ತಾರೆ ಎಂಬುದು ಒಂದು ಬಣದ ವಾದ. ಚಂದಾ ಕಟ್ಟಿದ ಸದಸ್ಯರಿಗೆ ಕೇಂದ್ರದ ಗೋಡೆಯ ಮೇಲೆ ಹಕ್ಕಿದೆ, ಅದನ್ನು ಹೊರಗಿನವರ ಕೈಗೆ ಕೊಡಬಾರದು ಎಂಬುದು ಇನ್ನೊಂದು ಬಣದ ವಾದ. ಎರಡೂ ಕಡೆಯವರು ಸ್ಥಳೀಯ ಕಲಾವಿದರೇ ಆಗಿರುವುದರಿಂದ ವಿಷಯ ಸೂಕ್ಷ್ಮವಾಗಿದೆ. ಇಂಥ ಬದಲಾವಣೆಯನ್ನು ಕಂಡವರು, ತೀರ್ಪುಗಾರರಾಗಿ ಕುಳಿತವರು ಅಥವಾ ತಿರಸ್ಕೃತರಾದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ತೈಲ_ಮತ್ತು_ತಾಳ್ಮೆ

ಆಯ್ಕೆ ಇರಲೇಬೇಕು ಎಂಬ ಪಕ್ಷ ನನ್ನದು. ಎಲ್ಲವನ್ನೂ ತೂಗುಹಾಕಿದ ಗೋಡೆಯ ಮೇಲೆ ಯಾವುದೂ ಕಾಣುವುದಿಲ್ಲ. ನಿಮ್ಮ ಸ್ವಿಚ್ ಬೋರ್ಡಿನ ಮೇಲಿದ್ದ ಜಲವರ್ಣದ ಕರ್ತೃವಿಗೆ ಆ ಮುಕ್ತ ಪ್ರದರ್ಶನದಿಂದ ಯಾವ ಗೌರವ ದೊರಕಿತು, ಹೇಳಿ.

ಮಣ್ಣುಗೈ

ಗೌರವ ದೊರಕದಿದ್ದರೂ ಜಾಗ ದೊರಕಿತಲ್ಲ. ತೀರ್ಪುಗಾರರಿದ್ದಿದ್ದರೆ ಅದೂ ಇರುತ್ತಿರಲಿಲ್ಲ.

ಹಳೆಯ_ಕ್ಯಾಟಲಾಗು

ಈ ಜಗಳಕ್ಕೆ ದೀರ್ಘ ಇತಿಹಾಸವಿದೆ. 1863ರಲ್ಲಿ ಪ್ಯಾರಿಸ್ಸಿನ ಅಧಿಕೃತ ಸಲೋನ್ ಪ್ರದರ್ಶನದ ತೀರ್ಪುಗಾರರು ಬಂದ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ತಳ್ಳಿಹಾಕಿದರು. ಕಲಾವಿದರ ದೂರು ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಿವಿಗೆ ಬಿದ್ದು, ತಿರಸ್ಕೃತ ಕೃತಿಗಳಿಗೆಂದೇ ಪ್ರತ್ಯೇಕ ಪ್ರದರ್ಶನ ಏರ್ಪಟ್ಟಿತು. ಎಡ್ವರ್ಡ್ ಮಾನೆಯ ‘ಹುಲ್ಲುಹಾಸಿನ ಮೇಲಿನ ಭೋಜನ’ ಅಲ್ಲಿ ತೂಗಿತು; ಲಂಡನ್ನಿನ ರಾಯಲ್ ಅಕಾಡೆಮಿಯೂ ಸಲೋನೂ ಎರಡೂ ತಿರಸ್ಕರಿಸಿದ್ದ, ಚಿತ್ರಕಾರ ವಿಸ್ಲರನ ಬಿಳಿಯುಡುಪಿನ ಹುಡುಗಿಯೂ ಅಲ್ಲೇ ಇದ್ದಳು. ಆ ವರ್ಷ ತೀರ್ಪುಗಾರರು ಒಪ್ಪಿಕೊಂಡ ಬಹುಪಾಲು ಕೃತಿಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಮುಂದೆ 1874ರಲ್ಲಿ ಮೊನೆ, ರೆನ್ವಾ, ಡೆಗಾ ಮುಂತಾದವರು ತೀರ್ಪುಗಾರರ ಹಂಗೇ ಬೇಡವೆಂದು ತಮ್ಮದೇ ಪ್ರದರ್ಶನ ಮಾಡಿದರು. 1884ರಲ್ಲಿ ‘ತೀರ್ಪುಗಾರರೂ ಇಲ್ಲ, ಬಹುಮಾನವೂ ಇಲ್ಲ’ ಎಂಬ ಘೋಷಣೆಯೊಂದಿಗೆ ಸ್ವತಂತ್ರ ಕಲಾವಿದರ ಸಂಘವೇ ಹುಟ್ಟಿತು. ಆದ್ದರಿಂದ ತೀರ್ಪುಗಾರರನ್ನು ತಂದ ಮಾತ್ರಕ್ಕೆ ಮಟ್ಟ ಏರುತ್ತದೆಂದು ನಂಬುವುದು ಕಷ್ಟ.

ಸಂಶಯಪ್ರಿಯ

ಕ್ಯಾಟಲಾಗು ಅವರೇ, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. 1863ರ ತಿರಸ್ಕೃತರ ಪ್ರದರ್ಶನಕ್ಕೆ ಜನ ಗುಂಪುಗುಂಪಾಗಿ ಬಂದದ್ದು ಹೆಚ್ಚಿನಂಶ ನಗಲಿಕ್ಕೆ. ಇನ್ನೊಂದು ಸಂಗತಿಯನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಅದೇ ಮಾನೆಯ ‘ಒಲಿಂಪಿಯಾ’ ಚಿತ್ರವನ್ನು 1865ರಲ್ಲಿ ಸಲೋನ್ ತೀರ್ಪುಗಾರರು ಒಪ್ಪಿಕೊಂಡಿದ್ದರು, ಅದರ ಮೇಲೆ ಹರಿಹಾಯ್ದವರು ನೋಡುಗರು ಮತ್ತು ವಿಮರ್ಶಕರು. ತೀರ್ಪುಗಾರರು ಯಾವಾಗಲೂ ಕುರುಡರು, ಜನ ಯಾವಾಗಲೂ ಕಣ್ಣುಳ್ಳವರು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ‘ಜನಮೆಚ್ಚಿದ ಕೃತಿ’ ಎಂದು ಮತಪೆಟ್ಟಿಗೆ ಇಡುವ ಪ್ರದರ್ಶನಗಳಲ್ಲಿ ಗೆಲ್ಲುವವರು ಬಹುತೇಕ ದೊಡ್ಡ ನೆಂಟರ ಬಳಗ ಇರುವವರು ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ.

ಎರಡನೇ_ಸುತ್ತು

ಕೆಲವು ಕಡೆ ತೀರ್ಪುಗಾರನಾಗಿ ಕುಳಿತಿದ್ದೇನೆ. ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಹೇಳಿದರೆ ಎರಡೂ ಬಣದವರಿಗೆ ಉಪಯೋಗವಾದೀತು.

ಮೊದಲ ಸುತ್ತಿನಲ್ಲಿ ಕೃತಿಗಳ ಛಾಯಾಚಿತ್ರಗಳನ್ನು ಪರದೆಯ ಮೇಲೆ ಒಂದರ ಹಿಂದೊಂದು ತೋರಿಸುತ್ತಾರೆ. ಕಲಾವಿದರ ಹೆಸರು ಇರುವುದಿಲ್ಲ. ಶೀರ್ಷಿಕೆ, ಮಾಧ್ಯಮ, ಅಳತೆ ಮಾತ್ರ ಇರುತ್ತವೆ. ಈ ಸುತ್ತು ಎಲ್ಲವನ್ನೂ ಒಮ್ಮೆ ಕಣ್ಣಿಗೆ ಹಾಕಿಕೊಳ್ಳುವುದಕ್ಕೆ. ನಂತರದ ಸುತ್ತಿನಲ್ಲಿ ಬೇಕು, ಬೇಡ, ನೋಡೋಣ ಎಂದು ಗುರುತು ಹಾಕುತ್ತೇವೆ ಅಥವಾ ಅಂಕ ಕೊಡುತ್ತೇವೆ. ಬೇಕು ಎಂಬುದರಲ್ಲೂ ಬೇಡ ಎಂಬುದರಲ್ಲೂ ಅಷ್ಟೇನೂ ಚರ್ಚೆ ಇರುವುದಿಲ್ಲ. ‘ನೋಡೋಣ’ ಎಂಬ ಗುಂಪೇ ಎಲ್ಲಕ್ಕಿಂತ ದೊಡ್ಡದು, ಮತ್ತು ಹೊರಗೆ ಕೇಳಿಬರುವ ಎಲ್ಲ ನೋವೂ ಅಲ್ಲಿಂದಲೇ ಹುಟ್ಟುತ್ತದೆ.

ಆ ಗುಂಪಿನಲ್ಲಿ ನಿರ್ಧಾರವಾಗುವುದು ಗೋಡೆಯ ಉದ್ದದಿಂದ. ಒಂದೇ ಅಳತೆಯ ನಾಲ್ಕು ಭೂದೃಶ್ಯಗಳಿದ್ದು ನಾಲ್ಕೂ ಚೆನ್ನಾಗಿದ್ದರೆ ಎರಡು ಉಳಿಯುತ್ತವೆ. ಇಡೀ ಪ್ರದರ್ಶನದಲ್ಲಿ ಒಂದೇ ಒಂದು ಮರದಚ್ಚಿನ ಮುದ್ರಣವಿದ್ದರೆ, ಅದು ಸಾಧಾರಣವಾಗಿದ್ದರೂ ಒಳಗೆ ಬರುವ ಸಾಧ್ಯತೆ ಹೆಚ್ಚು. ಹೊರಗುಳಿದ ಭೂದೃಶ್ಯದ ಕಲಾವಿದರು ಆ ಮುದ್ರಣದ ಮುಂದೆ ನಿಂತು ‘ಇದಕ್ಕಿಂತ ನನ್ನದು ಕಡಿಮೆಯೇ’ ಎಂದು ಕೇಳುತ್ತಾರೆ. ಕಡಿಮೆಯಲ್ಲ, ಆದರೆ ಆ ಎರಡರ ನಡುವೆ ಸ್ಪರ್ಧೆ ನಡೆದೇ ಇಲ್ಲ. ಇದನ್ನು ಆಯೋಜಕರು ಮೊದಲೇ ಬರೆದು ತಿಳಿಸಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ತೈಲ_ಮತ್ತು_ತಾಳ್ಮೆ

ಹೆಸರು ಮುಚ್ಚಿಡುವ ಪದ್ಧತಿ ಸ್ಥಳೀಯ ಕಲಾವಿದರ ನಡುವೆ ಎಷ್ಟರಮಟ್ಟಿಗೆ ಫಲಿಸುತ್ತದೆ? ನಮ್ಮಲ್ಲಿ ಯಾರ ಕುಂಚದ ಹೊಡೆತ ಯಾರದೆಂದು ಎಲ್ಲರಿಗೂ ಗೊತ್ತು.

ಎರಡನೇ_ಸುತ್ತು

ಅದಕ್ಕಾಗಿಯೇ ತೀರ್ಪುಗಾರರು ಹೊರಗಿನವರಾಗಿರಬೇಕು. ಅಷ್ಟಾದರೂ ಪರಿಚಿತ ಕೈ ಕಂಡರೆ ‘ಈ ಕೃತಿಯ ಬಗ್ಗೆ ನಾನು ಮತ ಹಾಕುವುದಿಲ್ಲ’ ಎಂದು ಹೇಳಿ ಹಿಂದೆ ಸರಿಯುವ ನಿಯಮ ಇರಬೇಕು. ಒಬ್ಬರೇ ತೀರ್ಪುಗಾರರಿದ್ದರೆ ಹಿಂದೆ ಸರಿಯಲು ದಾರಿಯೇ ಇರುವುದಿಲ್ಲವಾದ್ದರಿಂದ ಮೂವರಿರುವುದು ಮೇಲು. ಆದರೆ ಮೂವರಾದಾಗ ಇನ್ನೊಂದು ತೊಂದರೆಯಿದೆ: ಅಂಕಗಳ ಸರಾಸರಿ ತೆಗೆದರೆ, ಮೂವರಿಗೂ ಪರವಾಗಿಲ್ಲ ಎನಿಸಿದ ಕೃತಿ ಗೆಲ್ಲುತ್ತದೆ, ಒಬ್ಬರಿಗೆ ಅತಿಯಾಗಿ ಹಿಡಿಸಿ ಇನ್ನಿಬ್ಬರಿಗೆ ಹಿಡಿಸದ ಕೃತಿ ಸೋಲುತ್ತದೆ. ಆದಕಾರಣ ಪ್ರತಿಯೊಬ್ಬ ತೀರ್ಪುಗಾರರಿಗೂ ಉಳಿದವರ ಒಪ್ಪಿಗೆಯಿಲ್ಲದೆ ಒಂದೆರಡು ಕೃತಿಗಳನ್ನು ಒಳಗೆ ತರುವ ಅಧಿಕಾರ ಕೊಡಿ. ಪ್ರದರ್ಶನದಲ್ಲಿ ಜನ ನಿಂತು ವಾದ ಮಾಡುವುದು ಹೆಚ್ಚಾಗಿ ಅಂಥ ಕೃತಿಗಳ ಮುಂದೆಯೇ.

ಬೆಳಕಿನ_ಕೋನ

ಪರದೆಯ ಮೇಲೆ ನೋಡಿ ನಿರ್ಧರಿಸುತ್ತಾರೆಂದ ಮೇಲೆ ಛಾಯಾಚಿತ್ರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಒಳ್ಳೆಯ ಕೃತಿಗಳು ಕೆಟ್ಟ ಫೋಟೋದಿಂದ ಹೊರಬೀಳುವುದು ಎಲ್ಲ ಕಡೆಯೂ ನಡೆಯುತ್ತದೆ. ಗಾಜು ಹಾಕುವ ಮೊದಲೇ ಫೋಟೋ ತೆಗೆಯಬೇಕು, ಇಲ್ಲವಾದರೆ ಜಲವರ್ಣದ ಆಕಾಶದಲ್ಲಿ ತೆಗೆದವರ ಮುಖವೇ ಮೂಡಿರುತ್ತದೆ. ಕ್ಯಾಮೆರಾದ ಮಸೂರ ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ನೇರವಾಗಿರಬೇಕು. ಕೊಂಚ ಓರೆಯಾದರೂ ಆಯತಾಕಾರದ ಕ್ಯಾನ್ವಾಸು ಒಂದು ಬದಿಗೆ ಕುಗ್ಗಿ ಕಾಣುತ್ತದೆ. ಎರಡು ದೀಪಗಳನ್ನು ಎರಡೂ ಬದಿಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಇಟ್ಟರೆ ತೈಲವರ್ಣದ ಹೊಳಪು ಬಹುಮಟ್ಟಿಗೆ ತಗ್ಗುತ್ತದೆ. ದೀಪವಿಲ್ಲದವರು ಮೋಡ ಕವಿದ ದಿನ ಹೊರಗೆ ನೆರಳಿನಲ್ಲಿ ತೆಗೆಯಬಹುದು. ಫ್ಲ್ಯಾಶ್ ಬೇಡವೇ ಬೇಡ. ಬಣ್ಣ ಹೆಚ್ಚಿಸುವ ಫಿಲ್ಟರನ್ನೂ ಹಾಕಬಾರದು, ಏಕೆಂದರೆ ಕೃತಿ ಕೈಗೆ ಬಂದಾಗ ಫೋಟೋಗೂ ಅದಕ್ಕೂ ಹೊಂದಿಕೆಯಾಗದಿದ್ದರೆ ಆಯ್ಕೆಯಾದ ಮೇಲೂ ಹಿಂದಿರುಗಿಸುವ ಹಕ್ಕನ್ನು ಆಯೋಜಕರು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾರೆ.

ಕೇಂದ್ರದವರು ಒಂದು ದಿನ ಗೊತ್ತುಮಾಡಿ, ಸದಸ್ಯರ ಕೃತಿಗಳ ಫೋಟೋವನ್ನು ತಾವೇ ತೆಗೆದುಕೊಟ್ಟರೆ ಆಯ್ಕೆ ಎಷ್ಟೋ ನ್ಯಾಯಯುತವಾಗುತ್ತದೆ ಎಂಬುದು ನನ್ನ ಸಲಹೆ. ಒಳ್ಳೆಯ ಕ್ಯಾಮೆರಾ ಇರುವವರಿಗೂ ಇಲ್ಲದವರಿಗೂ ಇರುವ ಅಂತರ ಅಲ್ಲಿಗೆ ಮುಗಿಯುತ್ತದೆ.

ಮಣ್ಣುಗೈ

ಇದೆಲ್ಲ ಗೋಡೆಗೆ ಏರುವ ಕೃತಿಗಳ ಮಾತಾಯಿತು. ನನ್ನದು ಸುಟ್ಟ ಮಣ್ಣಿನ ಶಿಲ್ಪ. ಅದರ ಬೆನ್ನಿನಲ್ಲಿ ಬೆರಳಚ್ಚಿನ ಒಂದು ಸಾಲು ಕುತ್ತಿಗೆಯಿಂದ ಸೊಂಟದವರೆಗೆ ಇಳಿಯುತ್ತದೆ, ಕೃತಿಯ ಜೀವವಿರುವುದೇ ಅಲ್ಲಿ. ಅರ್ಜಿಯಲ್ಲಿ ಒಂದು ಕೃತಿಗೆ ಒಂದೇ ಫೋಟೋ ಎಂದಿತ್ತು. ಮುಂಭಾಗದ ಫೋಟೋ ಕಳಿಸಿದೆ, ‘ಸಾಮಾನ್ಯ ಕುಳಿತ ಭಂಗಿ’ ಎಂಬ ಟಿಪ್ಪಣಿಯೊಂದಿಗೆ ತಿರಸ್ಕೃತವಾಯಿತು. ತೀರ್ಪುಗಾರರು ನೋಡಿದ್ದು ನನ್ನ ಕೃತಿಯನ್ನಲ್ಲ, ಅದರ ಕಾಲು ಭಾಗವನ್ನು. ಇಷ್ಟು ಸಣ್ಣ ವಿಷಯವನ್ನೂ ಯೋಚಿಸದ ಆಯೋಜಕರ ಮೇಲೆ ನನಗೆ ಇಂದಿಗೂ ಕೋಪವಿದೆ.

ಎರಡನೇ_ಸುತ್ತು

ನಿಮ್ಮ ಕೋಪ ನ್ಯಾಯವಾದದ್ದು. ಮೂರು ಆಯಾಮದ ಕೃತಿಗೆ ಕನಿಷ್ಠ ಮೂರು ಕೋನಗಳ ಫೋಟೋ, ಜೊತೆಗೆ ಒಂದು ಸಮೀಪದ ವಿವರ ಇರಲೇಬೇಕು. ತೂಕ ಮತ್ತು ಪೀಠದ ಅಳತೆಯನ್ನೂ ಅರ್ಜಿಯಲ್ಲೇ ಕೇಳಬೇಕು. ಪೀಠ ಸಾಲದೆ ಶಿಲ್ಪಗಳು ಹೊರಗುಳಿದದ್ದನ್ನು ನಾನು ಕಂಡಿದ್ದೇನೆ, ಆದರೆ ಯಾರೂ ಅದನ್ನು ಕಾರಣವೆಂದು ಬರೆದು ಕೊಡುವುದಿಲ್ಲ.

ಲೆಕ್ಕ_ಕೇಳುವವಳು

ಹಣದ ಮಾತನ್ನು ಯಾರೂ ಎತ್ತಲಿಲ್ಲವಲ್ಲ. ಆಯ್ಕೆಯ ಪ್ರದರ್ಶನಗಳಲ್ಲಿ ಪ್ರವೇಶ ಶುಲ್ಕವಿರುತ್ತದೆ, ತಿರಸ್ಕೃತವಾದರೂ ಅದು ಹಿಂದಿರುಗುವುದಿಲ್ಲ. ಅಂದರೆ ಹೊರಗುಳಿದವರ ಹಣದಿಂದ ಒಳಗಿರುವವರ ಪ್ರದರ್ಶನ ನಡೆಯುತ್ತದೆ. ಹೆಚ್ಚು ಅರ್ಜಿ ಬಂದಷ್ಟೂ, ಹೆಚ್ಚು ತಿರಸ್ಕರಿಸಿದಷ್ಟೂ ಆಯೋಜಕರಿಗೆ ಲಾಭ. ಇದರ ಮೇಲೆ ಮಾರಾಟವಾದ ಕೃತಿಯ ಬೆಲೆಯಲ್ಲಿ ಕೇಂದ್ರದ ಪಾಲು ಬೇರೆ. ಚಂದಾ, ಶುಲ್ಕ, ಪಾಲು ಎಂದು ಮೂರು ಕಡೆಯಿಂದ ಕಟ್ಟುವವರು ಒಬ್ಬರೇ ಕಲಾವಿದರು.

ತೈಲ_ಮತ್ತು_ತಾಳ್ಮೆ

ತೀರ್ಪುಗಾರರ ಗೌರವಧನ, ದೀಪ, ವಿಮೆ, ಕ್ಯಾಟಲಾಗು, ಉದ್ಘಾಟನೆ ಇವೆಲ್ಲ ಎಲ್ಲಿಂದ ಬರಬೇಕು? ಪುಕ್ಕಟೆಯಾಗಿ ದುಡಿಯುವ ಸ್ವಯಂಸೇವಕರ ಬೆನ್ನ ಮೇಲೆ ಎಷ್ಟನ್ನು ಹೇರುವುದು?

ಲೆಕ್ಕ_ಕೇಳುವವಳು

ಬರಬಾರದೆಂದು ನಾನು ಹೇಳಲಿಲ್ಲ, ಲೆಕ್ಕವನ್ನು ತೋರಿಸಿ ಎಂದೆ. ಬಂದ ಶುಲ್ಕವೆಷ್ಟು, ಯಾವುದಕ್ಕೆ ಖರ್ಚಾಯಿತು ಎಂಬ ಒಂದು ಹಾಳೆಯನ್ನು ಪ್ರದರ್ಶನದ ಬಾಗಿಲಲ್ಲೇ ಅಂಟಿಸಲು ಯಾರ ಅಪ್ಪಣೆ ಬೇಕು? ಮಾರಾಟಕ್ಕಿಲ್ಲದ ಕೃತಿಗೆ ವಿಮೆಯ ಮೌಲ್ಯವನ್ನು ಹೇಗೆ ನಿಗದಿಪಡಿಸುತ್ತೀರಿ, ಸಾಗಣೆಯಲ್ಲಿ ಒಡೆದರೆ ಯಾರು ಹೊಣೆ, ಕೇಂದ್ರದೊಳಗೆ ಒಡೆದರೆ ಯಾರು ಹೊಣೆ ಎಂಬುದನ್ನೂ ಅದರಲ್ಲೇ ಬರೆಯಲಿ.

ಗೋಡೆಗಾವಲು

ಪ್ರವೇಶ ಶುಲ್ಕದ ಬಗ್ಗೆ ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಸದಸ್ಯರಿಗೆ ಮೊದಲ ಕೃತಿ ಉಚಿತ, ನಂತರದ ಕೃತಿಗಳಿಗೆ ಮಾತ್ರ ಶುಲ್ಕ ಎಂಬ ಸಲಹೆಯಿದೆ. ಲೆಕ್ಕವನ್ನು ಬಾಗಿಲಲ್ಲಿ ಅಂಟಿಸುವ ಮಾತನ್ನು ನಾನೇ ಸಭೆಯಲ್ಲಿ ಎತ್ತುತ್ತೇನೆ. ಪೂರ್ತಿ ಮುಕ್ತವಾಗಿಯೇ ಉಳಿದು, ಜಾಗದ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದವರು ಇಲ್ಲಿ ಯಾರಾದರೂ ಇದ್ದಾರೆಯೇ?

ಹಳೆಯ_ಕ್ಯಾಟಲಾಗು

ಪ್ರಯತ್ನಿಸಿದವರಿದ್ದಾರೆ. 1917ರಲ್ಲಿ ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಸಂಘವು ಆರು ಡಾಲರು ಕಟ್ಟಿದ ಯಾರ ಕೃತಿಯನ್ನಾದರೂ ಪ್ರದರ್ಶಿಸುತ್ತೇವೆಂದು ಸಾರಿತು. ಯಾರ ಪಕ್ಕ ಯಾರು ಎಂಬ ಜಗಳವೂ ಬೇಡವೆಂದು ಕಲಾವಿದರ ಅಡ್ಡಹೆಸರಿನ ಅಕ್ಷರಕ್ರಮದಲ್ಲೇ ಕೃತಿಗಳನ್ನು ತೂಗುಹಾಕಿದರು. ಯಾವ ಅಕ್ಷರದಿಂದ ಆರಂಭಿಸಬೇಕೆಂದು ಚೀಟಿ ಎತ್ತಿದಾಗ ‘ಆರ್’ ಬಂತು.

ಸಂಶಯಪ್ರಿಯ

ಅದೇ ಸಂಘ ಅದೇ ವರ್ಷ ‘ಆರ್. ಮಟ್’ ಎಂಬ ಹೆಸರಿನಲ್ಲಿ ಬಂದ, ಗಂಡಸರ ಶೌಚಾಲಯದ ಪಿಂಗಾಣಿ ಮೂತ್ರತೊಟ್ಟಿಯನ್ನು ಕಂಡು ಬೆಚ್ಚಿತು. ಶುಲ್ಕ ಕಟ್ಟಿದ್ದರೂ, ತೀರ್ಪುಗಾರರೇ ಇಲ್ಲವೆಂದು ಸಾರಿದ್ದರೂ ನಿರ್ದೇಶಕರು ಸಭೆ ಸೇರಿ ಅದನ್ನು ಪ್ರದರ್ಶಿಸಲಿಲ್ಲ. ನಿರ್ದೇಶಕರಲ್ಲೊಬ್ಬರಾದ ಮಾರ್ಸೆಲ್ ದ್ಯೂಶಾಂ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಮುಕ್ತವೆಂದು ಸಾರಿದ ಪ್ರದರ್ಶನದಲ್ಲೂ ತೀರ್ಪುಗಾರರಿರುತ್ತಾರೆ, ಅವರು ಹೆಸರು ಹಾಕಿಕೊಂಡಿರುವುದಿಲ್ಲ ಅಷ್ಟೇ. ನಿಮ್ಮ ಕೇಂದ್ರದಲ್ಲೇ ನೋಡಿ, ಸ್ವಿಚ್ ಬೋರ್ಡಿನ ಮೇಲೆ ಯಾವ ಜಲವರ್ಣ ಹೋಗಬೇಕೆಂದು ಯಾರೋ ತೀರ್ಮಾನಿಸಿದ್ದರು. ಅದೂ ಒಂದು ತೀರ್ಪು. ಅದಕ್ಕೆ ಕಾರಣ ಕೊಡುವ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ.

ಮೊಳೆ_ಮತ್ತು_ದಾರ

ಕೃತಿಗಳನ್ನು ತೂಗುಹಾಕುವ ಕೆಲಸ ನನ್ನದು, ಆದ್ದರಿಂದ ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನೆಲದಿಂದ ಚಾವಣಿಯವರೆಗೆ ಚಿತ್ರಗಳನ್ನು ತುಂಬುತ್ತಿದ್ದ ಕಾಲದಲ್ಲಿ ಎತ್ತರದ ಜಗಳ ಎಷ್ಟಿತ್ತೆಂದರೆ, 1784ರಲ್ಲಿ ಥಾಮಸ್ ಗೇನ್ಸ್‌ಬರೋ ತಾನು ಕೇಳಿದಷ್ಟು ಕೆಳಗೆ ತೂಗುಹಾಕಲಿಲ್ಲವೆಂದು ಚಿತ್ರಗಳನ್ನು ಹಿಂತೆಗೆದುಕೊಂಡು ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ಪಕ್ಕದ ಚಿತ್ರವೂ ಮುಖ್ಯವೇ. 1832ರಲ್ಲಿ ಚಿತ್ರಕಾರ ಜಾನ್ ಕಾನ್‌ಸ್ಟೇಬಲನ ಕೆಂಪು ತುಂಬಿದ ದೊಡ್ಡ ಚಿತ್ರದ ಪಕ್ಕದಲ್ಲಿ ತನ್ನ ಬೂದುಬಣ್ಣದ ಕಡಲು ಮಂಕಾದದ್ದನ್ನು ಕಂಡ ಟರ್ನರ್, ಕೊನೆಯ ಗಳಿಗೆಯಲ್ಲಿ ಬಂದು ನೀರಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟು ಹೋದ. ಆಯ್ಕೆಯಾದ ಮೇಲೂ ಸ್ಪರ್ಧೆ ಮುಗಿಯುವುದಿಲ್ಲ.

ಕೆಲಸದ ಮಾತಿಗೆ ಬಂದರೆ, ಚಿತ್ರದ ಮಧ್ಯಬಿಂದು ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿ ಬರುವಂತೆ ಒಂದೇ ಸಾಲಿನಲ್ಲಿ ತೂಗುಹಾಕಿದರೆ ಬಹುಪಾಲು ನೋಡುಗರ ಕಣ್ಣಿಗೆ ಹಿತವಾಗಿರುತ್ತದೆ. ಎಲ್ಲರ ಕೃತಿಯನ್ನೂ ಆ ಸಾಲಿನಲ್ಲಿ, ನಡುವೆ ಉಸಿರಾಡುವಷ್ಟು ಜಾಗ ಬಿಟ್ಟು ಹಾಕಿದರೆ ನಿಮ್ಮ ಗೋಡೆಗೆ ಎಷ್ಟು ಹಿಡಿಯುತ್ತದೆಂದು ಮೊದಲು ಟೇಪು ಹಿಡಿದು ಅಳೆಯಿರಿ. ಆ ಸಂಖ್ಯೆ ಗೊತ್ತಾದ ಮೇಲೆ ತೀರ್ಪುಗಾರರು ಬೇಕೇ ಬೇಡವೇ ಎಂಬ ಚರ್ಚೆ ತಾನಾಗಿ ಕಿರಿದಾಗುತ್ತದೆ. ಇನ್ನೊಂದು ಕೋರಿಕೆ: ಹಲ್ಲು ಹಲ್ಲಿನ ಸಣ್ಣ ತಗಡಿನ ಕೊಕ್ಕೆ ಇರುವ ಚೌಕಟ್ಟುಗಳನ್ನು ಒಪ್ಪಿಕೊಳ್ಳಬೇಡಿ. ಹಿಂಬದಿಯಲ್ಲಿ ಎರಡೂ ಕಡೆ ‘ಡಿ’ ಆಕಾರದ ಉಂಗುರ, ನಡುವೆ ತಂತಿ, ಇಷ್ಟನ್ನು ಕಡ್ಡಾಯ ಮಾಡಿ. ಉದ್ಘಾಟನೆಯ ಹಿಂದಿನ ರಾತ್ರಿ ಹಸಿ ತೈಲವರ್ಣವನ್ನು ತಂದುಕೊಡುವವರನ್ನು ಏನು ಮಾಡಬೇಕೆಂಬುದನ್ನು ನಿಮಗೇ ಬಿಡುತ್ತೇನೆ.

ನೀರು_ಕಾಗದ

ಜಲವರ್ಣವನ್ನು ಸ್ವಿಚ್ ಬೋರ್ಡಿನ ಮೇಲೆ ಹಾಕಿದ್ದರೆಂಬುದನ್ನು ಓದಿ ಸಂಕಟವಾಯಿತು; ಕಾಗದದ ಕೃತಿಗೆ ಜಾಗ ಹುಡುಕುವಾಗ ಬೆಳಕನ್ನೂ ನೋಡಬೇಕು. ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು, ತೈಲವರ್ಣಕ್ಕೆ 200 ಲಕ್ಸ್ ಎಂಬುದು ವಸ್ತುಸಂಗ್ರಹಾಲಯಗಳು ಅನುಸರಿಸುವ ರೂಢಿ. ಬೆಳಕಿನಿಂದಾಗುವ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತೆ ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಕೆಲವೇ ವಾರಗಳ ಪ್ರದರ್ಶನಕ್ಕೆ ಅಷ್ಟು ಹೆದರಬೇಕಿಲ್ಲವಾದರೂ ನೇರ ಬಿಸಿಲು ಬೀಳುವ ಕಿಟಕಿಯ ಎದುರಿನ ಗೋಡೆಯನ್ನು ಜಲವರ್ಣಕ್ಕೆ ಕೊಡಬೇಡಿ.

ಅಭ್ಯಾಸಪುಟ

ನಾನು ಕಲಿಯುವವಳು. ತರಗತಿಯಲ್ಲಿ ಗುರುಗಳ ಮೇಲ್ವಿಚಾರಣೆಯಲ್ಲಿ ಮಾಡಿದ ಚಿತ್ರವನ್ನು ಕಳಿಸಬಾರದೇ? ಅಂತರ್ಜಾಲದಲ್ಲಿ ಸಿಕ್ಕ ಫೋಟೋ ನೋಡಿ ಬರೆದದ್ದಾದರೆ?

ಎರಡನೇ_ಸುತ್ತು

ಅನೇಕ ಆಯ್ಕೆ ಪ್ರದರ್ಶನಗಳ ನಿಯಮಗಳಲ್ಲಿ ಎರಡಕ್ಕೂ ತಡೆಯಿದೆ. ತರಗತಿಯ ಕೃತಿಯಲ್ಲಿ ಗುರುಗಳ ನಿರ್ಧಾರ ಎಷ್ಟು, ನಿಮ್ಮದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇರೆಯವರ ಫೋಟೋದಿಂದ ಬರೆದರೆ ಆ ಫೋಟೋದ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ, ಅನುಮತಿ ಪತ್ರವಿದ್ದರೆ ಮಾತು ಬೇರೆ. ಈಚೆಗೆ ಯಂತ್ರದಿಂದ ರಚಿಸಿದ ಚಿತ್ರಗಳ ಬಗೆಗೂ ನಿಯಮ ಬರೆಯಬೇಕಾಗಿದೆ: ಸ್ವೀಕರಿಸುವುದಿಲ್ಲ ಎಂದೋ, ಬಳಸಿದ್ದನ್ನು ತಿಳಿಸಬೇಕು ಎಂದೋ ಒಂದನ್ನು ಸ್ಪಷ್ಟವಾಗಿ ಬರೆಯಲಿ.

ಅಭ್ಯಾಸಪುಟ

ಹಾಗಾದರೆ ನನ್ನಂಥವರಿಗೆ ಸಮುದಾಯ ಕೇಂದ್ರದಲ್ಲೂ ಬಾಗಿಲು ಮುಚ್ಚಿದಂತಾಯಿತು. ಮೊದಲ ಸಲ ನನ್ನ ಚಿತ್ರವನ್ನು ಗೋಡೆಯ ಮೇಲೆ, ಇತರರ ಚಿತ್ರಗಳ ನಡುವೆ ಕಂಡಾಗಲೇ ಅದರ ಮುನ್ನೆಲೆ ಎಷ್ಟು ಬರಿದಾಗಿದೆ ಎಂಬುದು ನನಗೆ ತಿಳಿದದ್ದು. ಮನೆಯಲ್ಲಿ ಅದು ಕಂಡಿರಲಿಲ್ಲ. ತಿರಸ್ಕಾರದ ಪತ್ರ ಅದನ್ನು ಕಲಿಸುತ್ತಿರಲಿಲ್ಲ.

ಮಣ್ಣುಗೈ

ಇಡೀ ಚರ್ಚೆಯಲ್ಲಿ ಇದೇ ನನಗೆ ಸರಿಯೆನಿಸಿದ ಮಾತು. ಸಮುದಾಯ ಎಂಬ ಹೆಸರು ಹೊತ್ತ ಕೇಂದ್ರ ಕಲಿಯುವವರನ್ನು ಹೊರಗಿಟ್ಟರೆ ಅದು ಮತ್ತೊಂದು ಗ್ಯಾಲರಿ ಅಷ್ಟೇ.

ತೈಲ_ಮತ್ತು_ತಾಳ್ಮೆ

ಅಭ್ಯಾಸಪುಟ ಅವರ ಮಾತನ್ನು ನಾನೂ ತಳ್ಳಿಹಾಕುವುದಿಲ್ಲ. ವರ್ಷಕ್ಕೆ ಎರಡು ಪ್ರದರ್ಶನ ಮಾಡಲಿ: ಒಂದು ಆಯ್ಕೆಯದು, ಇನ್ನೊಂದು ಸಣ್ಣ ಅಳತೆಯ ಕೃತಿಗಳಿಗೆ ಸೀಮಿತವಾದ, ಎಲ್ಲ ಸದಸ್ಯರಿಗೂ ತೆರೆದದ್ದು. ಅಳತೆಯನ್ನು ಬಿಗಿಯಾಗಿ ಗೊತ್ತುಮಾಡಿದರೆ ಎಲ್ಲರಿಗೂ ಜಾಗ ಸಿಗುತ್ತದೆ.

ಲೆಕ್ಕ_ಕೇಳುವವಳು

ಆಯ್ಕೆಯ ಪ್ರದರ್ಶನಕ್ಕೆ ಉದ್ಘಾಟನೆ, ಕ್ಯಾಟಲಾಗು, ಅತಿಥಿಗಳು. ಮುಕ್ತ ಪ್ರದರ್ಶನಕ್ಕೆ ಯಾರೂ ಬಾರದ ವಾರ. ಹೀಗಾಗದಂತೆ ನೋಡಿಕೊಳ್ಳುವುದಾದರೆ ಮಾತ್ರ ಒಪ್ಪುತ್ತೇನೆ.

ಗೋಡೆಗಾವಲು

ಅಳತೆ ಪಟ್ಟಿ ಹಿಡಿದು ನಾಳೆಯೇ ಗೋಡೆ ಅಳೆಯುತ್ತೇವೆ. ಒಂದು ಪ್ರಶ್ನೆ ಉಳಿದಿದೆ. ತೀರ್ಪುಗಾರರ ಹೆಸರನ್ನು ಅರ್ಜಿ ಕರೆಯುವಾಗಲೇ ಪ್ರಕಟಿಸಬೇಕೇ? ಪ್ರಕಟಿಸಿದರೆ ಅವರ ರುಚಿಗೆ ತಕ್ಕಂತೆ ಎಲ್ಲರೂ ಬರೆಯುತ್ತಾರೆಂಬ ಭಯ ಕೆಲವರಿಗಿದೆ.

ಎರಡನೇ_ಸುತ್ತು

ಪ್ರಕಟಿಸಿ. ಯಾರ ಮುಂದೆ ತಮ್ಮ ಕೃತಿ ಇಡುತ್ತಿದ್ದೇವೆ ಎಂಬುದನ್ನು ತಿಳಿಯುವ ಹಕ್ಕು ಶುಲ್ಕ ಕಟ್ಟುವವರಿಗಿದೆ. ರುಚಿಗೆ ತಕ್ಕಂತೆ ಬರೆದದ್ದು ಒಂದೆರಡು ಸ್ಲೈಡುಗಳಲ್ಲೇ ಗೊತ್ತಾಗುತ್ತದೆ. ನನ್ನ ಕೃತಿಗಳ ನಕಲಿನಂಥದ್ದು ಪರದೆಯ ಮೇಲೆ ಬಂದಾಗಲೆಲ್ಲ ನಾನು ಬೇಡ ಎಂದೇ ಗುರುತು ಹಾಕಿದ್ದೇನೆ. ಆಯ್ಕೆ ಮುಗಿದ ಮೇಲೆ ಒಂದು ಸಂಜೆ ತೀರ್ಪುಗಾರರು ಗೋಡೆಯ ಮುಂದೆ ನಿಂತು, ಒಳಗಿರುವವರಿಗೂ ಹೊರಗುಳಿದವರಿಗೂ ತಮ್ಮ ಕಾರಣಗಳನ್ನು ಹೇಳಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ. ಅದಕ್ಕೆ ಒಪ್ಪದವರನ್ನು ಕರೆಯಬೇಡಿ.

ಮಣ್ಣುಗೈ

ಆ ಸಂಜೆ ಶಿಲ್ಪಗಳ ಹಿಂಬದಿಗೂ ಬಂದು ನಿಲ್ಲಬೇಕೆಂದು ಷರತ್ತಿಗೆ ಸೇರಿಸುವುದಾದರೆ ನಾನೂ ಅರ್ಜಿ ಹಾಕುತ್ತೇನೆ. ಪೀಠವನ್ನು ನಾನೇ ತರುತ್ತೇನೆ.